ನೋಡಲು ಬಂದವರು, ಉಳಿಯಲು ಬಂದವರು: ಕನ್ನಡ ಸಭೆಗಳ ಪರದೇಶ ನಂಟಿನ ಕಥೆ

ಸುಯೆಜ್ ಕಾಲುವೆ ತೆರೆಯುವುದಕ್ಕೆ 23 ವರ್ಷ ಮೊದಲು, 1846ರಲ್ಲಿ, ಮಂಗಳೂರಿನ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಓದಲು ಹೋದರು. ಬ್ರಾಹ್ಮಣ ಮನೆತನದ ಹುಡುಗ, ಎರಡು ವರ್ಷದ ಹಿಂದಷ್ಟೇ ದೀಕ್ಷಾಸ್ನಾನ ಪಡೆದು ಹರ್ಮನ್ ಎಂಬ ಹೆಸರನ್ನೂ ಸೇರಿಸಿಕೊಂಡಿದ್ದರು. 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದರು. ಮುಂದೆ ಕೊಡಗಿನ ಆನಂದಪುರದಲ್ಲಿ ಹೊಸ ಕ್ರೈಸ್ತರಿಗೆ ನೆಲೆ ಕಟ್ಟಿಕೊಟ್ಟವರಲ್ಲಿ ಇವರೂ ಒಬ್ಬರು. ಕನ್ನಡ ಸೀಮೆಯ ಸಭೆಯಿಂದ ಯುರೋಪಿನ ಸಭೆಯ ನಡುಮನೆಗೆ ಹೋಗಿ, ಅಲ್ಲಿ ಉಂಡು, ಅವರ ಮಾತು ಕಲಿತು ಬಂದವರಲ್ಲಿ ಕೌಂಡಿನ್ಯರದು ಮೊದಲ ಸಾಲಿನ ಹೆಸರು.

ಅದೇ ಹೊತ್ತಿಗೆ ಆ ಕಡೆಯಿಂದ ಈ ಕಡೆಗೂ ಒಂದು ಭೇಟಿ ನಡೆಯಿತು. ಬಾಸೆಲ್ ಮಿಷನ್ನಿನ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ 1851–52ರಲ್ಲಿ ಇಲ್ಲಿಯ ಠಾಣೆಗಳನ್ನೆಲ್ಲ ಸುತ್ತಿದರು. ಅವರ ಹುದ್ದೆಯ ಹೆಸರೇ ‘ಇನ್‌ಸ್ಪೆಕ್ಟರ್’. ಲೆಕ್ಕ, ಶಿಸ್ತು, ಮಿಷನರಿಗಳ ನಡತೆ ಎಲ್ಲವನ್ನೂ ತಪಾಸಣೆ ಮಾಡಿ, ಊರಿಗೆ ಮರಳಿ ಸಭೆಗಳಿಗೆ ಕಟ್ಟುನಿಟ್ಟಿನ ನಿಯಮಾವಳಿ ತಂದರು. ಬಳ್ಳಾರಿಯಲ್ಲಿ 1810ರಿಂದಲೇ ಬೇರೂರಿದ್ದ ಲಂಡನ್ ಮಿಷನ್ನೂ 1821ರಲ್ಲಿ ಟೈಯರ್ಮನ್ ಮತ್ತು ಬೆನೆಟ್ ಎಂಬಿಬ್ಬರನ್ನು ಲೋಕದ ತನ್ನ ಠಾಣೆಗಳನ್ನೆಲ್ಲ ನೋಡಿಬರಲು ಕಳಿಸಿತ್ತು. ಭಾರತವನ್ನೂ ಕಂಡು ಮುಂದೆ ಹೋದ ಟೈಯರ್ಮನ್ 1828ರಲ್ಲಿ ಮಡಗಾಸ್ಕರ್‌ನಲ್ಲಿ ತೀರಿಕೊಂಡರು. ದೊಡ್ಡ ಸಾಹಸವೇ ಸರಿ. ಆದರೂ ಅದು ಯಜಮಾನ ಗದ್ದೆ ನೋಡಿ ಹೋದ ಹಾಗೆ. ನೂರು ವರ್ಷ ಈ ಪದ್ಧತಿ ಹೆಚ್ಚು ಬದಲಾಗಲಿಲ್ಲ.

ಈ ಯಜಮಾನಿಕೆಯ ಮಾತನ್ನು ಮುಖಕ್ಕೆ ಹೇಳಿದವರು ಭಾರತೀಯ ಪಾದ್ರಿ ವೇದನಾಯಗಂ ಸಾಮುವೇಲ್ ಅಜರಯ್ಯ. 1910ರ ಎಡಿನ್‌ಬರೊ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರು, ನೀವು ನಿಮ್ಮ ಆಸ್ತಿಯನ್ನು ಕೊಟ್ಟಿದ್ದೀರಿ, ದೇಹವನ್ನೂ ಸವೆಸಿದ್ದೀರಿ, ನಮಗೀಗ ಬೇಕಿರುವುದು ಸ್ನೇಹ ಎಂಬರ್ಥದ ಮಾತಾಡಿದಾಗ ಸಭಾಂಗಣ ಇರಿಸುಮುರಿಸುಗೊಂಡಿತು. ಮಿಷನರಿಯ ಮನೆಗೆ ಹೋದ ಭಾರತೀಯ ಪಾದ್ರಿಗೆ ಕೂರಲು ಕುರ್ಚಿ ಸಿಗುತ್ತದೆಯೇ, ಊಟಕ್ಕೆ ಕರೆಯುತ್ತಾರೆಯೇ ಎಂಬಂಥ ಸಣ್ಣ ಸಂಗತಿಗಳೇ ಅವರ ದೂರಿನ ಹಿಂದಿದ್ದವು. ಎರಡು ವರ್ಷದ ನಂತರ ಅವರು ನಿಜಾಮ ಸಂಸ್ಥಾನದ ದೋರ್ನಕಲ್‌ನಲ್ಲಿ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್ಪರಾದರು.

ಸ್ನೇಹಕ್ಕಿಂತ ಮೊದಲು ಬಂದದ್ದು ಯುದ್ಧ. 1914ರ ಬಳಿಕ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಶತ್ರುಗಳೆಂದು ಹಿಡಿದು ಅಹ್ಮದನಗರದ ಶಿಬಿರಕ್ಕೆ ಹಾಕಿತು. ಬಹಳಷ್ಟು ಮಂದಿಯನ್ನು ‘ಗೋಲ್ಕೊಂಡ’ ಹಡಗಿನಲ್ಲಿ ಊರಿಗೆ ಅಟ್ಟಿತು. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಸಭೆಗಳಲ್ಲಿ ದೇಶೀ ಪಾದ್ರಿಗಳ, ಸಭಾ ಹಿರಿಯರ ಹೆಗಲಿಗೆ ಭಾರ ಬಿತ್ತು. ‘ದೊರೆ’ ಇಲ್ಲದೆಯೂ ಭಾನುವಾರದ ಗಂಟೆ ಹೊಡೆಯುತ್ತದೆ ಎಂದು ಗೊತ್ತಾದದ್ದು ಆಗ. ಮುಂದಿನ ಸಮಾನ ಮಾತುಕತೆಗೆ ನಿಜವಾದ ಅಡಿಪಾಯ ಯಾವ ಸಮ್ಮೇಳನಕ್ಕಿಂತಲೂ ಹೆಚ್ಚಾಗಿ ಈ ಅನಾಥ ವರ್ಷಗಳೇ ಎಂದು ನನ್ನ ಎಣಿಕೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಬಾಸೆಲ್ ಪರಂಪರೆಯ ಕನ್ನಡ ಸಭೆಗಳೂ ಕಾಲಕ್ರಮದಲ್ಲಿ ಅದರೊಳಗೆ ಬಂದವು. ಹೊರಗೆ ಗಾಳಿ ಬೇಗ ಬೇಗ ತಿರುಗುತ್ತಿತ್ತು. 1963ರಲ್ಲಿ ಮೆಕ್ಸಿಕೊ ನಗರದ ವಿಶ್ವ ಮಿಷನ್ ಸಮ್ಮೇಳನ, ಮಿಷನ್ ಎಂಬುದು ಆರೂ ಖಂಡಗಳಿಂದ ಆರೂ ಖಂಡಗಳಿಗೆ ಎಂದಿತು. 1971ರಲ್ಲಿ ಕೀನ್ಯಾದ ಸಭಾನಾಯಕ ಜಾನ್ ಗಾತು, ನಿಮ್ಮ ಜನವನ್ನೂ ಹಣವನ್ನೂ ಕೆಲವು ಕಾಲ ನಿಲ್ಲಿಸಿ, ನಾವು ಉಸಿರಾಡಬೇಕು ಎಂಬ ಧಾಟಿಯಲ್ಲಿ ಕರೆಕೊಟ್ಟು ದಂಗುಬಡಿಸಿದರು. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಭೆ, ಮಿಷನ್ನುಗಳ ಇ.ಎಂ.ಎಸ್. ಎಂಬ ಒಕ್ಕೂಟ ಆರಂಭವಾಯಿತು, ಮುಂದೆ ಸಿ.ಎಸ್.ಐ.ಯೂ ಜರ್ಮನ್ ಸಭೆಗಳ ಪಕ್ಕದಲ್ಲೇ ಕುಳಿತು ಮತ ಹಾಕುವ ಸದಸ್ಯನಾಯಿತು. ಲಂಡನ್ ಮಿಷನ್ನಿನ ವಾರಸುದಾರ ಸಂಸ್ಥೆಯೂ 1977ರಲ್ಲಿ ಸಭೆಗಳು ಸರಿಸಮವಾಗಿ ಕೂರುವ ಮಂಡಳಿಯಾಗಿ ಬದಲಾಯಿತು.

ಇಂದು ನಾವು ‘ವಿನಿಮಯ ಭೇಟಿ’ ಎನ್ನುವುದು ಈ ಮಣ್ಣಿನಲ್ಲಿ ಬೆಳೆದದ್ದು. ಬಿಷಪ್ಪರ ಬದಲು ಶಾಲಾ ಶಿಕ್ಷಕಿ, ನರ್ಸು, ಸ್ತ್ರೀಯರ ಕೂಟದ ಕಾರ್ಯದರ್ಶಿ, ಕಾಲೇಜು ಹುಡುಗ ಹೀಗೆ ಒಂದು ಸಣ್ಣ ತಂಡ. ಎರಡು ಮೂರು ವಾರ. ಹೋಟೆಲಿನ ಬದಲು ಸಭೆಯವರ ಮನೆಗಳಲ್ಲಿ ವಾಸ್ತವ್ಯ. ಮುಂದೊಮ್ಮೆ ಆ ಕಡೆಯವರ ಸರದಿ. ಬೆಲೆಬಾಳುವುದೆಲ್ಲ ಆ ಮನೆಯ ಊಟದ ಮೇಜಿನಲ್ಲೇ ನಡೆಯುತ್ತದೆ. ಕಾಣಿಕೆ ಚೀಲಕ್ಕೆ ಹತ್ತಿಪ್ಪತ್ತು ಹಾಕಿ, ಬೆಳೆಹಬ್ಬದಲ್ಲಿ ಕುಂಬಳಕಾಯಿ, ಕೋಳಿ, ಬಾಳೆಗೊನೆ ಏಲಂ ಕೂಗಿ ಸಭೆ ನಡೆಸಿದ ನಮ್ಮವರಿಗೆ, ಜರ್ಮನಿಯಲ್ಲಿ ಸರ್ಕಾರದ ತೆರಿಗೆ ಕಚೇರಿಯೇ ಆದಾಯ ತೆರಿಗೆಯ ಮೇಲೆ ಶೇಕಡ 8 ಅಥವಾ 9ರಷ್ಟು ‘ಸಭಾ ತೆರಿಗೆ’ ವಸೂಲು ಮಾಡಿಕೊಡುತ್ತದೆ ಎಂದು ತಿಳಿದಾಗ ಆಗುವ ಅಚ್ಚರಿ ದೊಡ್ಡದು. ಅಷ್ಟು ದುಡ್ಡಿದ್ದೂ ಬೆಂಚುಗಳು ಖಾಲಿ ಎಂಬುದು ಎರಡನೆಯ ಅಚ್ಚರಿ. ನಿಮ್ಮ ಮಕ್ಕಳೆಲ್ಲಿ ಎಂದು ನಮ್ಮವರು ಕೇಳುತ್ತಾರೆ. ನಿಮ್ಮ ಸಭೆಯಲ್ಲಿ ಜಾತಿ ನೋಡಿ ಮದುವೆ ಮಾಡುತ್ತೀರಂತೆ, ಹೌದೇ ಎಂದು ಅವರು ಕೇಳುತ್ತಾರೆ. ಎರಡೂ ಕಡೆ ಉತ್ತರ ತಡವರಿಸುತ್ತದೆ. ಹಾರ ಶಾಲುಗಳ ಸ್ವಾಗತ ಸಮಾರಂಭಕ್ಕಿಂತ ಈ ತಡವರಿಕೆಗೇ ನನ್ನ ಮತ.

ಯುವಕರ ದಾರಿ ಇನ್ನೂ ತಡವಾಗಿ ಎರಡೂ ಕಡೆ ತೆರೆಯಿತು. ಜರ್ಮನ್ ಸರ್ಕಾರ 2008ರಲ್ಲಿ ‘ವೆಲ್ಟ್‌ವೆರ್ಟ್ಸ್’ ಯೋಜನೆ ಆರಂಭಿಸಿ ತನ್ನ ಯುವಜನರನ್ನು ಹೊರದೇಶಗಳ ಹಾಸ್ಟೆಲು, ಶಾಲೆಗಳಿಗೆ ಕಳಿಸಿತು. ದಕ್ಷಿಣದ ದೇಶಗಳ ಯುವಕರು ಅಲ್ಲಿಗೆ ಹೋಗುವ ಭಾಗ ಸೇರಿದ್ದು ಐದು ವರ್ಷ ಕಳೆದು. ಈಗಲೂ ಆ ಕಡೆಯ ಪ್ರವಾಸಿಗೆ ಮನೆಯಲ್ಲೇ ಕುಳಿತು ಇ-ವೀಸಾ ಸಿಗುತ್ತದೆ. ನಮ್ಮವರು ಬ್ಯಾಂಕ್ ಪುಸ್ತಕ, ಆಹ್ವಾನ ಪತ್ರ, ವಿಮೆ, ಸಂಬಳದ ಚೀಟಿ ಹಿಡಿದು ಷೆಂಗೆನ್ ವೀಸಾಕ್ಕೆ ಸಾಲು ನಿಲ್ಲಬೇಕು. ಕೂಲಿಯವರಿಗೆ, ಬ್ಯಾಂಕ್ ಪುಸ್ತಕ ಬರಿದಾದವರಿಗೆ ಅದು ಸಿಗುವುದೇ ಕಷ್ಟ. ಹಾಗಾಗಿ ತಂಡಗಳಲ್ಲಿ ಮತ್ತೆ ಮತ್ತೆ ಪೇಟೆಯ, ಇಂಗ್ಲಿಷ್ ಬಲ್ಲ ಮುಖಗಳೇ. ಇಲ್ಲಿಯ ಕಾನೂನನ್ನೂ ತಿಳಿದಿರಬೇಕು: ಪ್ರವಾಸಿ ವೀಸಾದಲ್ಲಿ ಬಂದ ಅತಿಥಿ ಆರಾಧನೆಯಲ್ಲಿ ಕೂರಬಹುದು, ಧರ್ಮಬೋಧೆ ಮಾಡುವಂತಿಲ್ಲ. ನಮ್ಮ ತಂಡದಲ್ಲಿ ಸರ್ಕಾರಿ ನೌಕರರಿದ್ದರೆ, ವಿದೇಶಿ ಆತಿಥ್ಯ ಪಡೆಯಲು 2010ರ ವಿದೇಶಿ ವಂತಿಗೆ ಕಾಯ್ದೆಯಂತೆ ಕೇಂದ್ರದ ಅನುಮತಿ ಮೊದಲೇ ಬೇಕು.

ಈ ಕಥೆಯಲ್ಲಿ ಕರ್ನಾಟಕ–ಮಹಾರಾಷ್ಟ್ರ ಗಡಿನಾಡಿನ ಪಾಲು ತೀರ ತೆಳು. ಉದಗೀರ, ನಿಲಂಗಾ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ಈಗ ಲಾತೂರು. ಲೋಹಾರಾ, ಉಮರ್ಗಾ ಇರುವುದು ಉಸ್ಮಾನಾಬಾದ್, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ. ಬೀದರ್ ಸೀಮೆಗೆ ಬಂದದ್ದು ಅಮೆರಿಕದ ಮೆಥೊಡಿಸ್ಟರು, ಬಾಸೆಲ್ಲಿನವರಲ್ಲ. ಅವರು ಸಿ.ಎಸ್.ಐ. ಸೇರಲಿಲ್ಲ, 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವಾಯತ್ತವಾಯಿತು. ಹೀಗಾಗಿ ಕರಾವಳಿ ಮತ್ತು ಧಾರವಾಡಕ್ಕೆ ಜರ್ಮನಿಯೊಂದಿಗೆ ಹೆಣೆದ ನಂಟಿನ ದಾರ ಇಲ್ಲಿಗೆ ತಲುಪಲೇ ಇಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಗಡಿಯ ಸಭೆಗೆ ಯಾವ ರಾಜಧಾನಿಯೂ ಹತ್ತಿರವಲ್ಲ.

ಹೊರಲೋಕ ಈ ಸೀಮೆಗೆ ಬಂದದ್ದು ಭೂಕಂಪದ ಬೆನ್ನಿಗೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಸುತ್ತಲಿನ ಊರುಗಳು ನೆಲಸಮವಾದವು; 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕಾಯಿತು. ಭಾರತದ ಸಭೆಗಳ ಸೇವಾ ಸಂಸ್ಥೆ ಕಾಸಾ, ಕ್ಯಾಥೊಲಿಕರ ಕಾರಿತಾಸ್ ಮೊದಲಾದವು ಪರಿಹಾರಕ್ಕಿಳಿದವು. ಅವುಗಳ ಹಿಂದೆ ಹೊರದೇಶದ ಸಭೆಗಳ ಕಾಣಿಕೆಯಿತ್ತು. ಪತ್ರಾ ಶೆಡ್ಡಿನಲ್ಲಿದ್ದವರಿಗೆ ಅದು ಬೇಕೇ ಬೇಕಿತ್ತು, ಉಪಕಾರ ಮರೆಯುವ ಮಾತಿಲ್ಲ. ಆದರೆ ಕೊಟ್ಟವರು ಬಂದು ನೋಡಿ ಹೋಗುವುದು ವಿನಿಮಯವಲ್ಲ. ಯೋಸೆನ್‌ಹಾನ್ಸರ ಕಾಲದ ತಪಾಸಣೆ ಕರುಣೆಯ ಬಟ್ಟೆ ತೊಟ್ಟು ಬಂದಂತೆ. ಮನೆ ಕಳೆದುಕೊಂಡು ಮತ್ತೆ ಕಟ್ಟಿಕೊಂಡವರು ಇನ್ನೊಂದು ದೇಶದ ಸಭೆಗೆ ಕಲಿಸಬಹುದಾದ್ದು ಬೇಕಾದಷ್ಟಿತ್ತು.

ಸಭಾಪ್ರಾಂತಗಳ ಹಿರಿಯರಲ್ಲಿ, ಮೆಥೊಡಿಸ್ಟ್ ಬಿಷಪ್ಪರಲ್ಲಿ ಒಂದು ಬಿನ್ನಹ. ಮುಂದಿನ ತಂಡ ಆರಿಸುವಾಗ ಉದಗೀರ, ಲೋಹಾರಾ ಕಡೆಯ ಇಬ್ಬರನ್ನಾದರೂ ಸೇರಿಸಿ, ಅವರಲ್ಲಿ ಒಬ್ಬಳು ಹೆಣ್ಣುಮಗಳಿರಲಿ. ಅವಳಿಗೆ ಇಂಗ್ಲಿಷ್ ಬರದಿದ್ದರೆ ದುಭಾಷಿಯ ಖರ್ಚು ಬಜೆಟ್ಟಿನಲ್ಲಿ ಮೊದಲೇ ಬರೆಯಿರಿ, ಪಾಸ್‌ಪೋರ್ಟು ಅರ್ಜಿಯನ್ನು ಒಂದು ವರ್ಷ ಮೊದಲೇ ತುಂಬಿಸಿ.