ಕೃಷ್ಣೆಯ ದಂಡೆಗೆ ಬಂದ ಬಿಳಿ ರಕ್ತಕಣದ ಇಂಜೆಕ್ಷನ್

ಕಿಮೋ ಮುಗಿಸಿ ಊರಿಗೆ ಬರುವವರ ಕೈಯಲ್ಲಿ ಕೆಲವೊಮ್ಮೆ ಐಸ್ ತುಂಬಿದ ಸಣ್ಣ ಥರ್ಮಾಕೋಲ್ ಡಬ್ಬಿ ಇರುತ್ತದೆ. ಅದರೊಳಗಿನದು ಫಿಲ್‌ಗ್ರಾಸ್ಟಿಮ್, ಅಂದರೆ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್. ಆ ಡಬ್ಬಿಗೆ ಅರವತ್ತು ವರ್ಷಗಳ ಇತಿಹಾಸವಿದೆ.

ಕಿಮೋ ಔಷಧ ಕ್ಯಾನ್ಸರ್ ಕೋಶದ ಜೊತೆಗೆ ಅಸ್ಥಿಮಜ್ಜೆಯನ್ನೂ ಹೊಡೆಯುತ್ತದೆ. ಸೋಂಕಿನ ವಿರುದ್ಧ ಮೊದಲು ಕಾದಾಡುವ ನ್ಯೂಟ್ರೋಫಿಲ್ ಕಣಗಳು ರಕ್ತದಲ್ಲಿ 500ಕ್ಕಿಂತ ಕೆಳಗಿಳಿದರೆ ಸಾಮಾನ್ಯ ಜ್ವರವೂ ಜೀವಕ್ಕೆ ಎರವಾಗಬಹುದು. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಡೊನಾಲ್ಡ್ ಮೆಟ್ಕಾಫ್ ಮತ್ತು ಸಂಗಡಿಗರು ಮಜ್ಜೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳಿಗೆ ‘ಬೆಳೆಯಿರಿ’ ಎಂದು ಹೇಳುವ ಪ್ರೋಟೀನ್‌ಗಳ ಬೆನ್ನು ಹತ್ತಿದರು. 1986ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿ ಅಂಥದೊಂದು ಪ್ರೋಟೀನಿನ ಜೀನ್ ಹಿಡಿದು ಬ್ಯಾಕ್ಟೀರಿಯಾದಲ್ಲಿ ಬೆಳೆಸಿತು. 1991ರಲ್ಲಿ ನ್ಯೂಪೋಜೆನ್ ಹೆಸರಿನಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು.

ಔಷಧವೇನೋ ಬಂತು. ಆದರೆ ದುಬಾರಿ, ಅದೂ ಪೇಟೆಂಟಿನ ಬೇಲಿಯೊಳಗೆ. ಇಲ್ಲಿ ಭಾರತದ ಕಾನೂನು ನೆರವಾಯಿತು. 1970ರ ಪೇಟೆಂಟ್ ಕಾಯ್ದೆ ಔಷಧಕ್ಕಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. 2005ರವರೆಗೂ ಹಾಗೇ ನಡೆಯಿತು. ಹೀಗಾಗಿ ಹೈದರಾಬಾದಿನ ಡಾ. ರೆಡ್ಡೀಸ್ 2001ರಲ್ಲೇ ಗ್ರಾಫೀಲ್ ಹೆಸರಿನ ಫಿಲ್‌ಗ್ರಾಸ್ಟಿಮ್ ತಂದಿತು. ಯುರೋಪ್ ಇಂಥ ಔಷಧಕ್ಕೆ ಒಪ್ಪಿಗೆ ಕೊಟ್ಟದ್ದು 2008ರಲ್ಲಿ, ಅಮೆರಿಕ 2015ರಲ್ಲಿ.

ಇದನ್ನು ಮಾತ್ರೆಯ ‘ಜೆನೆರಿಕ್’ ಎನ್ನುವಂತಿಲ್ಲ. ಜೀವಕೋಶದಲ್ಲಿ ಬೆಳೆದ ಪ್ರೋಟೀನು ಒಂದೇ ಬೀಜದಿಂದ ಎರಡು ಹೊಲದಲ್ಲಿ ಬೆಳೆದ ಕಬ್ಬಿನಂತೆ: ತೀರಾ ಹತ್ತಿರ, ಆದರೆ ಗೆರೆ ಹೊಡೆದಷ್ಟು ಒಂದೇ ಅಲ್ಲ. ಅದಕ್ಕೇ ಹೆಸರು ಬಯೋಸಿಮಿಲರ್. ಮೂಲ ಔಷಧದಷ್ಟೇ ಕೆಲಸ, ಅಷ್ಟೇ ಸುರಕ್ಷತೆ ಎಂದು ಪರೀಕ್ಷೆಯಲ್ಲಿ ತೋರಿಸಬೇಕು. ಭಾರತ ಇದಕ್ಕೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದ್ದು 2012ರಲ್ಲಿ.

ಫಿಲ್‌ಗ್ರಾಸ್ಟಿಮ್ ಅನ್ನು ಸಾಮಾನ್ಯವಾಗಿ ಹಲವು ದಿನ, ದಿನಕ್ಕೊಂದರಂತೆ ಚುಚ್ಚಬೇಕು. 2002ರಲ್ಲಿ ಅಮೆರಿಕದಲ್ಲಿ ಬಂದ ಪೆಗ್‌ಫಿಲ್‌ಗ್ರಾಸ್ಟಿಮ್ ದೇಹದಲ್ಲಿ ಹೆಚ್ಚು ದಿನ ಉಳಿಯುವುದರಿಂದ ಕಿಮೋದ ಒಂದು ಸುತ್ತಿಗೆ ಒಂದೇ ಇಂಜೆಕ್ಷನ್ ಸಾಕು. ಇದರ ಬಯೋಸಿಮಿಲರ್‌ಗೆ ಅಮೆರಿಕದ ಮೊದಲ ಒಪ್ಪಿಗೆ ಪಡೆದದ್ದು ನಮ್ಮ ಬೆಂಗಳೂರಿನ ಬಯೋಕಾನ್, ಮೈಲಾನ್ ಜೊತೆಗೂಡಿ, 2018ರ ಜೂನ್‌ನಲ್ಲಿ. ಅದರ ಹೆಸರು ಫುಲ್‌ಫಿಲಾ. 1978ರಲ್ಲಿ ಪಪ್ಪಾಯಿಯ ಕಿಣ್ವ ತೆಗೆಯುತ್ತ ಶುರುವಾದ ಕಂಪನಿ ಅದು.

ಯಡೂರಿನವರಿಗೆ ಈ ಒಂದು ಇಂಜೆಕ್ಷನ್ನಿನ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಕಲ್ಲೋಳ-ಯಡೂರು ಸೇತುವೆ ಮುಳುಗುತ್ತದೆ. ಎರಡೂ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಕರೆಂಟು ಹೋದರೆ ಫ್ರಿಜ್ಜೂ ನೆಚ್ಚಿಕೆಯಲ್ಲ. ಅಂಥ ವಾರದಲ್ಲಿ ದಿನಾ ಇಂಜೆಕ್ಷನ್ ಮಾಡಿಸಿಕೊಳ್ಳುವುದಕ್ಕೂ ಒಮ್ಮೆ ಮಾಡಿಸಿಕೊಂಡು ಮನೆಯಲ್ಲಿರುವುದಕ್ಕೂ ಬಹಳ ಅಂತರ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪೆಗ್‌ಫಿಲ್‌ಗ್ರಾಸ್ಟಿಮ್ ಅನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಯಾರಿಗೆ ಯಾವುದು ಎನ್ನುವುದನ್ನು ವೈದ್ಯರೇ ಹೇಳಬೇಕು. ಆದರೆ ‘ಇದರ ಬಯೋಸಿಮಿಲರ್ ಇದೆಯೇ, ಬೆಲೆ ಎಷ್ಟು?’ ಎಂದು ಅವರನ್ನು ಕೇಳಲು ಹಳ್ಳಿಯವರು ಹಿಂಜರಿಯಬೇಕಿಲ್ಲ.