ಮೇಷ್ಟ್ರಿಗೆ ಸರ್ಟಿಫಿಕೇಟು, ಗುಮಾಸ್ತರಿಗೆ ಏನು?

ನೋಡಿ, ಆನ್‌ಲೈನ್ ತರಬೇತಿ ಅಂದ ತಕ್ಷಣ ಎಲ್ಲರಿಗೂ ಕೋವಿಡ್ ಕಾಲವೇ ನೆನಪಾಗುತ್ತೆ. 2020ರಲ್ಲಿ ಹುಟ್ಟಿದ ಕೂಸು ಅನ್ನೋ ಹಾಗೆ. ಅಲ್ಲ ಸ್ವಾಮಿ. ಮೇಷ್ಟ್ರನ್ನೇ ಪರದೆ ಮುಂದೆ ಕೂರಿಸಿ ಪಾಠ ಹೇಳಿದ್ದು ಅದಕ್ಕೂ ಬಹಳ ಹಿಂದೆ.

1975ರ ಆಗಸ್ಟ್ 1. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು ಇಸ್ರೋ 'ಸೈಟ್' ಪ್ರಯೋಗ ಶುರು ಮಾಡಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಅದರಲ್ಲಿದ್ದವು. ಈ ಪ್ರಯೋಗದಲ್ಲೇ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಉಪಗ್ರಹದ ಮೂಲಕ ನಡೆಯಿತು.

ವಿಶ್ವವಿದ್ಯಾಲಯಗಳು ಮಾತ್ರ ಹಳೇ ದಾರಿಯಲ್ಲೇ ಇದ್ದವು. 1986ರ ಶಿಕ್ಷಣ ನೀತಿಯ ನಂತರ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರಿನಲ್ಲೂ ಒಂದು ಬಂತು. ಬಡ್ತಿ ಬೇಕಾ? ರಿಫ್ರೆಶರ್ ಕೋರ್ಸ್ ಮಾಡಿ. ವಾರಗಟ್ಟಲೆ ಊರು ಬಿಡಬೇಕು. ಇತ್ತ ತರಗತಿ ಖಾಲಿ, ಅತ್ತ ಮನೆಯಲ್ಲಿ ಚಿಕ್ಕ ಮಗುವಿದ್ದ ಅಧ್ಯಾಪಕಿಗೆ ಪೇಚಾಟ.

ಆ ಗಂಟು ಬಿಚ್ಚಿದ್ದು 2018ರ ನವೆಂಬರ್ 13ರಂದು ಶುರುವಾದ 'ಅರ್ಪಿತ್'. ಸ್ವಯಂ ವೇದಿಕೆಯಲ್ಲಿ 40 ಗಂಟೆಗಳ ಕೋರ್ಸ್. 20 ಗಂಟೆ ವಿಡಿಯೋ, ಉಳಿದ 20 ಗಂಟೆ ಓದು, ಅಭ್ಯಾಸ. ಕೊನೆಗೆ ಪರೀಕ್ಷೆ. ಪಾಸಾದರೆ ಒಂದು ರಿಫ್ರೆಶರ್ ಕೋರ್ಸಿಗೆ ಸಮ. 2023ರ ಸೆಪ್ಟೆಂಬರ್ 5ರಂದು ಮಾಳವೀಯ ಮಿಷನ್ ಬಂತು. ಹಳೇ ಸ್ಟಾಫ್ ಕಾಲೇಜುಗಳಿಗೆ ಹೊಸ ಹೆಸರು, ಜೊತೆಗೆ ಹೊಸ ಕೇಂದ್ರಗಳು.

ಒಳ್ಳೇದೇ. ಆದರೆ ಈ ಇಡೀ ಚರಿತ್ರೆಯಲ್ಲಿ ಒಬ್ಬರು ಬಾಗಿಲ ಹೊರಗೇ ನಿಂತಿದ್ದಾರೆ. ಪರೀಕ್ಷಾ ವಿಭಾಗದ ಗುಮಾಸ್ತ, ಲ್ಯಾಬ್ ಅಟೆಂಡರ್, ಕಂಪ್ಯೂಟರ್ ಆಪರೇಟರ್. ಸ್ಟಾಫ್ ಕಾಲೇಜುಗಳಲ್ಲಿ ಬೋಧಕೇತರರಿಗೂ ಅಲ್ಪಾವಧಿ ತರಬೇತಿಗಳು ನಡೆದಿವೆ ನಿಜ, ಆದರೆ ಅದು ಊಟದ ಎಲೆಯ ತುದಿಯ ಉಪ್ಪಿನಷ್ಟು. 2020ರ ಮಿಷನ್ ಕರ್ಮಯೋಗಿ ನೌಕರರಿಗೆ ಆನ್‌ಲೈನ್ ಕಲಿಕೆ ತಂದಿತು, ಸರಿ. ಆದರೆ ಅದು ಕೇಂದ್ರ ನೌಕರರನ್ನು ಮುಂದಿಟ್ಟುಕೊಂಡು ಹುಟ್ಟಿದ್ದು, ರಾಜ್ಯ ವಿಶ್ವವಿದ್ಯಾಲಯದ ಗುಮಾಸ್ತನನ್ನಲ್ಲ.

ಇವತ್ತು ಕರ್ನಾಟಕದಲ್ಲಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ತಂತ್ರಾಂಶದ ಮೇಲೆ ನಿಂತಿದೆ. ಅಲ್ಲಿ ಒಂದು ಅಂಕಿ ತಪ್ಪಿದರೆ ಹುಡುಗಿಯೊಬ್ಬಳ ಅಂಕಪಟ್ಟಿ ತಪ್ಪುತ್ತೆ, ಅವಳ ಉದ್ಯೋಗದ ಅರ್ಜಿ ನಿಲ್ಲುತ್ತೆ. ಆ ಕೀಲಿಮಣೆ ಮೇಲಿರೋ ಕೈ ಪ್ರಾಧ್ಯಾಪಕರದ್ದಷ್ಟೇ ಅಲ್ಲ.

ಪ್ರಾಧ್ಯಾಪಕರು ಆ 40 ಗಂಟೆ ಕೂತು ಕಲಿತಿದ್ದಕ್ಕೆ ಕಾರಣ ಬರೀ ಜ್ಞಾನದಾಹ ಅಂತ ಹೇಳಿದರೆ ಅವರೇ ನಗ್ತಾರೆ. ಬಡ್ತಿಯ ಕೊಂಡಿ ಇತ್ತು. ಅದೇ ಕೊಂಡಿಯನ್ನು ಗುಮಾಸ್ತರಿಗೂ ಹಾಕಿ. ಕನ್ನಡದಲ್ಲಿ, ಅವರ ಕೆಲಸದ್ದೇ ಪಾಠ ಮಾಡಿ, ಕಚೇರಿ ವೇಳೆಯಲ್ಲೇ ಕಲಿಯಲು ಬಿಡಿ. ತಂತ್ರಜ್ಞಾನ ಯಾವತ್ತೋ ಬಂದಾಗಿದೆ. ಬಾಕಿ ಇರೋದು ಇವರೂ ವಿಶ್ವವಿದ್ಯಾಲಯದವರೇ ಅಂತ ಒಪ್ಪಿಕೊಳ್ಳೋದು.