ಶಾಲೆಯ ಹಳೆ ಕಂಪ್ಯೂಟರ್: ಮೆಮೊರಿಯ ಕಥೆ, ವೇಗದ ವ್ಯಥೆ



ಮೊನ್ನೆ ಶಾಲೆಯ ಕಪಾಟು ಒರೆಸುವಾಗ ತುಕ್ಕು ಹಿಡಿದ ಒಂದು ಜಿಯೋಮೆಟ್ರಿ ಬಾಕ್ಸ್ ಸಿಕ್ಕಿತು. ಅದರೊಳಗೆ ಒಂದು ಹಸಿರು ಪಟ್ಟಿ, ಅಂಚಿನಲ್ಲಿ ಸಾಲು ಸಾಲು ಚಿನ್ನದ ಬಣ್ಣದ ಹಲ್ಲುಗಳು. "ಇದೇನು ಸಾರ್, ಬಾಚಣಿಗೆಯಾ?" ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದ. ಅದು 64 ಎಂಬಿಯ ಎಸ್‌ಡಿ ರ‍್ಯಾಮ್. ಅವನ ಮನೆಯ ಮೊಬೈಲಿನಲ್ಲಿ 4 ಜಿಬಿ ಇದೆಯಂತೆ. ಲೆಕ್ಕ ಮಾಡಿಸಿದೆ: ಇಂಥ 64 ಪಟ್ಟಿಗಳು ಬೇಕು! ಅವನು ನಕ್ಕ. ನನಗೆ ಮಾತ್ರ ಹಳೆಯದೆಲ್ಲಾ ನೆನಪಾಯಿತು.

ನಮ್ಮ ಕಾಸರಗೋಡಿನ ಶಾಲೆಗಳಿಗೆ ಕಂಪ್ಯೂಟರ್ ಬಂದ ಚರಿತ್ರೆಯಲ್ಲಿ ಒಬ್ಬ ಕನ್ನಡಿಗರ ಹೆಸರಿದೆ. ಇದು ನಮ್ಮ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, 1984ರಿಂದ 1994ರ ತನಕ ಇಸ್ರೋದ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. 2017ರಲ್ಲಿ ಅದೇ ಯೋಜನೆ 'ಕೈಟ್' ಎಂಬ ಸರಕಾರಿ ಕಂಪೆನಿಯಾಯಿತು. ಈ ನಡುವೆ ಶಾಲೆಗಳು ವಿಂಡೋಸ್ ಬಿಟ್ಟು ಗ್ನೂ/ಲಿನಕ್ಸ್‌ಗೆ ಬಂದವು.

ನಮ್ಮ ಕುಂಬ್ಡಾಜೆ ಕಡೆ ಮಳೆಗಾಲದಲ್ಲಿ ಕಂಪ್ಯೂಟರ್ ನಡೆಸುವುದೆಂದರೆ ಅಡಿಕೆ ಒಣಗಿಸಿದಷ್ಟೇ ಕಷ್ಟ. ವೋಲ್ಟೇಜ್ ಇಲ್ಲ, ಗೋಡೆ ಬೆವರುತ್ತದೆ, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ. ಒಂದು ದಿನ ಸ್ವಿಚ್ ಹಾಕಿದರೆ ಬರೇ 'ಬೀಪ್ ಬೀಪ್'. ಮದ್ದು ಸುಲಭ: ಮೆಮೊರಿ ಪಟ್ಟಿ ತೆಗೆದು, ಆ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಪುನಃ ಕೂರಿಸುವುದು. ಎಷ್ಟೋ ಸಲ ಹಾಗೆಯೇ ಜೀವ ಬಂದದ್ದುಂಟು.

ಮೆಮೊರಿ ಎಂದರೇನು? ಮಕ್ಕಳಿಗೆ ನಾನು ಹೇಳುವುದು ಹೀಗೆ: ಹಾರ್ಡ್ ಡಿಸ್ಕ್ ಎಂದರೆ ಕಪಾಟು, ರ‍್ಯಾಮ್ ಎಂದರೆ ಮೇಜು. ಮೇಜು ಸಣ್ಣದಾದರೆ ಒಂದೊಂದು ಪುಸ್ತಕಕ್ಕೂ ಎದ್ದು ಕಪಾಟಿಗೆ ಹೋಗಬೇಕು. ಕಂಪ್ಯೂಟರಿನ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ.

ಕನ್ನಡ ಮಾಧ್ಯಮದ ನಮಗೆ ಈ ಮೇಜಿನ ಅಗಲ ಭಾಷೆಯ ಪ್ರಶ್ನೆಯೂ ಆಗಿತ್ತು. ವಿಂಡೋಸ್ 98 ನಡೆಯಲು 16 ಎಂಬಿ ಇದ್ದರೂ ಸಾಕಿತ್ತು. ಆದರೆ ಅದರಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ನಾವು ಬರಹ, ನುಡಿಗಳಲ್ಲಿ ಟೈಪ್ ಮಾಡುತ್ತಿದ್ದದ್ದು ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಅಂಗಿ ತೊಡಿಸಿದ ಹಾಗೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಬರೇ ಗೊಂದಲ! ಕನ್ನಡ ಲಿಪಿ 1991ರಲ್ಲೇ ಯುನಿಕೋಡಿನಲ್ಲಿ ಸೇರಿತ್ತು. ವಿಂಡೋಸಿನಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಂದಿಗೆ. ಎಕ್ಸ್‌ಪಿಗೆ ಕನಿಷ್ಠ 64, ನೆಮ್ಮದಿಗೆ 128 ಎಂಬಿ ಬೇಕು. ಲಿನಕ್ಸಿನಲ್ಲೂ ಒತ್ತಕ್ಷರ ಸರಿಯಾಗಿ ಬರಬೇಕಾದರೆ ಹೊಸ ಆವೃತ್ತಿ ಬೇಕು, ಹೊಸ ಆವೃತ್ತಿಗೆ ಹೆಚ್ಚು ಮೆಮೊರಿ ಬೇಕು. ಒಟ್ಟಿನಲ್ಲಿ 64 ಎಂಬಿಯ ಯಂತ್ರದಲ್ಲಿ ಇಂಗ್ಲಿಷ್ ಕಲಿಯಬಹುದಿತ್ತು, ಕನ್ನಡ ಕಷ್ಟವಿತ್ತು.

ನಮಗೆ ದಾನವಾಗಿ ಬಂದಿದ್ದ ಸಣ್ಣ ಪೆಟ್ಟಿಗೆಯ ಡೆಸ್ಕ್‌ಟಾಪ್‌ಗೆ ಮೆಮೊರಿ ಹುಡುಕಿ ಕಾಸರಗೋಡು ಪೇಟೆಗೆ ಹೋದರೆ ಎಲ್ಲಾ ಕಡೆ ಡಿಡಿಆರ್. ಅದರ ಕಾಲು 184, ಎಸ್‌ಡಿಗೆ 168. ಕಚ್ಚುಗಳ ಜಾಗವೂ ಬೇರೆ, ಒತ್ತಿದರೂ ಕೂರದು. ಕೊನೆಗೆ ಮಂಗಳೂರಿನಲ್ಲಿ 128ರ ಎರಡು ಹಳೆ ಪಟ್ಟಿಗಳು ಸಿಕ್ಕಿದವು. ಹಳತಾದರೂ ಹೊಸತಕ್ಕಿಂತ ದುಬಾರಿ! ಅಂಗಡಿಯವನನ್ನು ದೂರಿ ಫಲವಿಲ್ಲ, ತಯಾರಿ ನಿಂತ ವಸ್ತುವಿನ ಬೆಲೆಯೇ ಹಾಗೆ. 256 ಎಂಬಿ ಆದ ದಿನ ಪರದೆಯ ಮೇಲೆ 'ಜ್ಞಾನ' ಎಂಬ ಪದ ಒಡೆಯದೆ ಮೂಡಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನನಗೆ ವೇಗದ ಆಸೆ ಹತ್ತಿತು.

ಪ್ರೊಸೆಸರನ್ನು ಕಂಪೆನಿ ನಿಗದಿ ಮಾಡಿದ್ದಕ್ಕಿಂತ ವೇಗವಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇದರ ಚರಿತ್ರೆಯಲ್ಲಿ 1998ರ ಆಗಸ್ಟಿನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರಸಿದ್ಧ. ಅದರ ಗುಣಕ 4.5, ಬಸ್ಸಿನ ವೇಗ 66 ಮೆಗಾಹರ್ಟ್ಸ್. ಗುಣಕವನ್ನು ಬದಲಿಸಲಾಗದು. ಆದರೆ ಬಸ್ಸನ್ನು 100ಕ್ಕೆ ಏರಿಸಿದರೆ 450 ಮೆಗಾಹರ್ಟ್ಸ್, ಅಂದರೆ ಅಗ್ಗದ ಚಿಪ್ಪಿಗೆ ದುಬಾರಿ ಚಿಪ್ಪಿನ ಓಟ.

ನಮ್ಮದು 433ರ ಸೆಲೆರಾನ್, ಗುಣಕ ಆರೂವರೆ. 2007ರ ಒಂದು ಶನಿವಾರ ಬಸ್ಸನ್ನು 83 ಮಾಡಿದೆ. ಸುಮಾರು 540! ಒಂದು ವಾರ ಚೆನ್ನಾಗಿಯೇ ಓಡಿತು. ಸಣ್ಣ ಪೆಟ್ಟಿಗೆ, ಗಾಳಿ ಆಡದು ಎಂದು ಬಿಸಿಯ ಮೇಲಷ್ಟೇ ಕಣ್ಣಿಟ್ಟಿದ್ದೆ. ಗಮನಿಸದೆ ಹೋದದ್ದು ಬೇರೆ. ಆ ಬೋರ್ಡಿನಲ್ಲಿ ಬಸ್ಸಿನ ಅರ್ಧ ವೇಗ ಪಿಸಿಐ ದಾರಿಗೆ ಹೋಗುತ್ತದೆ. 33 ಇರಬೇಕಾದಲ್ಲಿ 41 ದಾಟಿತು. ಹಾರ್ಡ್ ಡಿಸ್ಕಿಗೆ ಮಾಹಿತಿ ಹೋಗುವುದು ಅದೇ ದಾರಿಯಲ್ಲಿ. ಬರೆದದ್ದೊಂದು, ಉಳಿದದ್ದೊಂದು. ಸೋಮವಾರ ಯಂತ್ರ ಏಳಲಿಲ್ಲ.

ಅದರಲ್ಲಿ ಏಳನೆಯ ತರಗತಿಯ ಮಕ್ಕಳು ಟೈಪ್ ಮಾಡಿದ ಬರಹಗಳಿದ್ದವು. ಮಾರ್ಪನಡ್ಕ, ಅಗಲ್ಪಾಡಿ ಸುತ್ತಿನ ಅಡ್ಕ, ಮೂಲೆ, ಕಾನ, ಗದ್ದೆಗಳ ಹೆಸರುಗಳನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆದದ್ದು, ಒಟ್ಟು 38 ಪುಟ. ಮಕ್ಕಳ ಮುಂದೆ ನಿಂತು ನನ್ನದೇ ತಪ್ಪು ಎಂದು ಹೇಳಿದೆ. ಒಬ್ಬಳು ಹುಡುಗಿ, "ಅಜ್ಜಿ ತೀರಿಕೊಂಡರಲ್ಲ ಸಾರ್, ಇನ್ನು ಯಾರ ಹತ್ತಿರ ಕೇಳುವುದು?" ಎಂದಳು.

ಕೇರಳದ ಮಕ್ಕಳಿಗೆ ಮುಂದೆ ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರನ್ನೂ ಹಂಚಿದರು. 2012ರಲ್ಲಿ ಬಂದ ಅದರ ವೇಗ 700 ಮೆಗಾಹರ್ಟ್ಸ್. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ವಾರಂಟಿ ಹೋಗದಂತೆ 1000ಕ್ಕೆ ಏರಿಸಲು ತಯಾರಕರೇ ಅನುಮತಿಸಿದರು. ಮೆಮೊರಿಯನ್ನು ಮಾತ್ರ ಬೆಸೆದಿರುತ್ತಾರೆ, ರಬ್ಬರು ಹಾಕಿ ಉಜ್ಜುವ ಹಾಗಿಲ್ಲ.

ಆ 38 ಪುಟಗಳಲ್ಲಿ ಹನ್ನೊಂದನ್ನು ಒಬ್ಬ ಹುಡುಗ ಫ್ಲಾಪಿಗೆ ಹಾಕಿಟ್ಟಿದ್ದ. ಅದೂ ಆ ಜಿಯೋಮೆಟ್ರಿ ಬಾಕ್ಸಿನಲ್ಲೇ ಇತ್ತು. ನಮ್ಮಲ್ಲೀಗ ಫ್ಲಾಪಿ ಡ್ರೈವ್ ಇಲ್ಲ. ನಿಮ್ಮ ಶಾಲೆಯಲ್ಲಿ ನಡೆಯುವ ಸ್ಥಿತಿಯದು ಇದ್ದರೆ ದಯವಿಟ್ಟು ತಿಳಿಸಿರಿ, ನಾನೇ ಬರುತ್ತೇನೆ.